ತಂಡಕ್ಕೆ ಹೊಸ ಯಜಮಾನ

ಅಂಗಡಿಯನ್ನು ಮಾರಿದರೆ ಸರಕೂ ಗಲ್ಲಾಪೆಟ್ಟಿಗೆಯೂ ಕೊಂಡವನ ಪಾಲಾಗುತ್ತವೆ. ಆಟದ ತಂಡದ ಮಾತು ಹಾಗಲ್ಲ. ಕಾಗದಪತ್ರಗಳಲ್ಲಿ ಹೆಸರು ಬದಲಿಸುವುದು ಸುಲಭ. ಆಟಗಾರರ ಭರವಸೆಯನ್ನು ಹಣ ತೆತ್ತು ಕೊಳ್ಳಲಾಗದು. ನನ್ನ ಸ್ಥಾನ ಉಳಿದೀತೆ, ಹೊಸ ಯಜಮಾನರಿಗೆ ನನ್ನ ಆಟ ಹಿಡಿಸೀತೆ ಎಂಬ ಅಳುಕು ಒಬ್ಬೊಬ್ಬನಿಗೂ ಇದ್ದೇ ಇರುತ್ತದೆ. ಇಂಥ ಹೊತ್ತಿನಲ್ಲಿ ತಂಡವನ್ನು ಯಾರ ಕೈಗೆ ಒಪ್ಪಿಸಬೇಕು? ನೆರೆಯ ಹೈದರಾಬಾದಿನಲ್ಲಿ ನಡೆದುದನ್ನು ನೋಡೋಣ.

ಅಲ್ಲಿನ ಡೆಕ್ಕನ್ ಚಾರ್ಜರ್ಸ್ ಕ್ರಿಕೆಟ್ ತಂಡ ಒಂದು ಪತ್ರಿಕಾ ಸಂಸ್ಥೆಗೆ ಸೇರಿತ್ತು. 2009ರಲ್ಲಿ ಅದು ಐ.ಪಿ.ಎಲ್. ಪಂದ್ಯಾವಳಿಯನ್ನೇ ಗೆದ್ದಿತು. (ಅಂತಿಮ ಪಂದ್ಯದಲ್ಲಿ 6 ರನ್ನುಗಳಿಂದ ಸೋತವರು ನಮ್ಮ ಬೆಂಗಳೂರಿನವರೆಂಬುದನ್ನು ಹೇಳದೆ ವಿಧಿಯಿಲ್ಲ.) ಮುಂದೆ ಸಂಸ್ಥೆ ಹಣದ ಮುಗ್ಗಟ್ಟಿಗೆ ಸಿಕ್ಕಿತು. 2012ರ ಸೆಪ್ಟೆಂಬರಿನಲ್ಲಿ ಕ್ರಿಕೆಟ್ ಮಂಡಳಿ ಕರಾರನ್ನು ರದ್ದು ಮಾಡಿತು. ಅಕ್ಟೋಬರಿನಲ್ಲಿ ಚೆನ್ನೈಯ ಸನ್ ಟಿ.ವಿ. ಸಂಸ್ಥೆ ವರ್ಷಕ್ಕೆ 85.05 ಕೋಟಿ ರೂಪಾಯಿಗಳಿಗೆ ಹೈದರಾಬಾದಿನ ಹಕ್ಕನ್ನು ಪಡೆಯಿತು. ತಂಡಕ್ಕೆ ಸನ್‌ರೈಸರ್ಸ್ ಎಂದು ಹೆಸರಾಯಿತು. ಕಾನೂನಿನ ಕಣ್ಣಿಗೆ ಇದು ಹೊಸ ತಂಡವೇ ಸರಿ. ಆದರೆ ಶಿಖರ್ ಧವನ್, ಡೇಲ್ ಸ್ಟೇನ್ ಮೊದಲಾದ ಹಳಬರು ಇಲ್ಲಿಯೂ ಉಳಿದರು.

ಹೊಸ ಒಡೆಯರು ಬಂದಾಗ ಎಲ್ಲರ ಕಣ್ಣೂ ನಾಯಕನ ಮೇಲೆ. ನನಗೆ ತೋರುವಂತೆ ಅದಕ್ಕಿಂತ ಮುಖ್ಯವಾದುದು ಒಡೆಯರಿಗೂ ಆಟಗಾರರಿಗೂ ನಡುವೆ ಕೂರುವವರ ಆಯ್ಕೆ. ಸನ್‌ರೈಸರ್ಸ್ ತರಬೇತಿಯ ಹೊಣೆಯನ್ನು ಆಸ್ಟ್ರೇಲಿಯದ ಟಾಮ್ ಮೂಡಿಯವರಿಗೆ ವಹಿಸಿತು. ಶ್ರೀಲಂಕಾ ತಂಡ 2007ರ ವಿಶ್ವಕಪ್ಪಿನ ಅಂತಿಮ ಪಂದ್ಯ ತಲುಪಿದಾಗ ಅದರ ತರಬೇತುದಾರರು ಇವರೇ. ಮಾರ್ಗದರ್ಶಕರಾಗಿ ಶ್ರೀಕಾಂತ್ ಮತ್ತು ವಿ.ವಿ.ಎಸ್. ಲಕ್ಷ್ಮಣ್ ಬಂದರು. ಲಕ್ಷ್ಮಣ್ ಹೈದರಾಬಾದಿನವರು, ಮೇಲಾಗಿ 2008ರಲ್ಲಿ ಚಾರ್ಜರ್ಸಿನ ನಾಯಕರಾಗಿದ್ದವರು. ಹಳೆಯ ಮನೆಯ ಮೂಲೆಮೂಲೆಯನ್ನು ಬಲ್ಲವರೊಬ್ಬರು ಹೊಸ ಮನೆಯಲ್ಲಿದ್ದರೆ ಅಳುಕು ಅರ್ಧ ಇಳಿಯುತ್ತದೆ.

ನಾಯಕರ ಸಂಗತಿಯೇ ಬೇರೆ. 2013ರಲ್ಲಿ ಸಂಗಕ್ಕಾರ, ನಡುವಿನಲ್ಲಿ ಕ್ಯಾಮೆರಾನ್ ವೈಟ್. 2014ರಲ್ಲಿ ಧವನ್, ಆಮೇಲೆ ಡ್ಯಾರೆನ್ ಸ್ಯಾಮಿ. 2015ರಲ್ಲಿ ಡೇವಿಡ್ ವಾರ್ನರ್. ಮೂರು ವರ್ಷಗಳಲ್ಲಿ ಐದು ಮಂದಿ! ತಂಡ ಮೊದಲ ವರ್ಷ ನಾಲ್ಕನೆಯದಾಯಿತು, ಮುಂದಿನ ಎರಡು ವರ್ಷ ಆರನೆಯದು. ಕೋಟಿಗಟ್ಟಲೆ ಸುರಿದ ಒಡೆಯನಿಗೆ ಆರನೆಯ ಸ್ಥಾನ ರುಚಿಸುವ ಸಂಗತಿಯಲ್ಲ. ತರಬೇತುದಾರನನ್ನು ಮನೆಗೆ ಕಳುಹಿಸುವುದು ಇಂಥಲ್ಲಿ ಸಾಮಾನ್ಯ. ಇಲ್ಲಿ ಹಾಗಾಗಲಿಲ್ಲ. ಮೂಡಿ ಉಳಿದರು, ಲಕ್ಷ್ಮಣ್ ಉಳಿದರು. ಬೌಲಿಂಗ್ ಕಲಿಸಲು 2015ರಲ್ಲಿ ಮುರಳೀಧರನ್ ಸೇರಿಕೊಂಡರು.

ಇದರ ಫಲವನ್ನು ಬೆಂಗಳೂರಿನವರು ಕಣ್ಣಾರೆ ಕಂಡರು. 2016ರ ಮೇ 29ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅಂತಿಮ ಪಂದ್ಯ. ಸನ್‌ರೈಸರ್ಸ್ 208 ರನ್ನು ಗಳಿಸಿತು. ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೇ 114 ರನ್ನು ಕೂಡಿಸಿದಾಗ ಊರಿನವರು ಗೆದ್ದೇಬಿಟ್ಟರೆಂದು ತೋರಿತು. ಅಲ್ಲಿಂದ ಮುಂದೆ ಬೌಲರುಗಳು ಎದೆಗುಂದದೆ ಬಿಗಿಹಿಡಿದರು. ಬೆಂಗಳೂರು 200ಕ್ಕೆ ನಿಂತು, 8 ರನ್ನುಗಳಿಂದ ಸೋತಿತು.

ಮೂಡಿ 2019ರವರೆಗೆ, ಸತತ ಏಳು ವರ್ಷ, ಆ ಸ್ಥಾನದಲ್ಲಿದ್ದರು. ಅನಂತರ 2020ರಿಂದ 2024ರೊಳಗೆ ಬೇಲಿಸ್, ಮರಳಿ ಮೂಡಿ, ಲಾರಾ, ವೆಟ್ಟೋರಿ ಎಂದು ನಾಲ್ಕು ಬಾರಿ ಆ ಕುರ್ಚಿಯ ಮೇಲಿನ ಹೆಸರು ಬದಲಾಯಿತು. ಆ ಅವಧಿಯಲ್ಲಿ ತಂಡ ಎರಡು ಸಲ, 2021ರಲ್ಲೂ 2023ರಲ್ಲೂ, ಪಟ್ಟಿಯ ಕಟ್ಟಕಡೆಗೆ ಇಳಿಯಿತು.