ಕಾಂಕ್ರೀಟನ್ನು ಸೀಳುವ ತುಕ್ಕು

ಹಳೆಯ ಕಟ್ಟಡಗಳ ಸಜ್ಜಾ, ತಾರಸಿಗಳ ಕೆಳಮೈಯಲ್ಲಿ ಕಂಬಿಯ ನೇರಕ್ಕೆ ಬಿರುಕು ಬಿಟ್ಟು, ಕಂದು ಕಲೆ ಇಳಿದು, ಕಡೆಗೆ ಕಾಂಕ್ರೀಟು ಚಕ್ಕೆಚಕ್ಕೆಯಾಗಿ ಉದುರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಲ್ಲಿನಂತಹ ಕಾಂಕ್ರೀಟನ್ನು ಒಳಗಿನಿಂದ ಸೀಳುವ ಈ ಬಲ ಯಾವುದು?

ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳಬಲ್ಲುದು. ಎಳೆತವನ್ನಾದರೋ ಅದರ ಸುಮಾರು ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಈ ಕೊರತೆಯನ್ನು ತುಂಬಲೆಂದೇ ಅದರಲ್ಲಿ ಉಕ್ಕಿನ ಕಂಬಿಗಳನ್ನು ಹುದುಗಿಸುವುದು. ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿಯೂ ನೀರೂ ಒಳಕ್ಕೆ ಇಳಿಯುತ್ತಲೇ ಇರುತ್ತವೆ. ಆದರೂ ಕಂಬಿ ದಶಕಗಳ ಕಾಲ ತುಕ್ಕು ಹಿಡಿಯದೆ ಉಳಿಯುವುದುಂಟು. ಸಿಮೆಂಟು ನೀರಿನೊಡನೆ ಕೂಡಿದಾಗ ಸುಣ್ಣ ಹುಟ್ಟಿ, ರಂಧ್ರಗಳಲ್ಲಿನ ನೀರು ತೀವ್ರ ಕ್ಷಾರವಾಗುತ್ತದೆ. ಅದರ ಪಿಎಚ್ ಮೌಲ್ಯ ಸುಮಾರು 13. ಇಂತಹ ಕ್ಷಾರದಲ್ಲಿ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡಿನ ಪೊರೆ ಮೂಡುತ್ತದೆ. ಕಂಬಿಯ ನಿಜವಾದ ಕವಚ ಇದೇ.

ಈ ಕವಚಕ್ಕೆ ಶತ್ರುಗಳು ಇಬ್ಬರು. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಸುಣ್ಣವನ್ನು ಕಾರ್ಬೊನೇಟಾಗಿ ಮಾರ್ಪಡಿಸಿ ಪಿಎಚ್ ಮೌಲ್ಯವನ್ನು 9ಕ್ಕಿಂತ ಕೆಳಗಿಳಿಸುತ್ತದೆ. ಉಪ್ಪಿನ ಕ್ಲೋರೈಡು, ಕ್ಷಾರವಿದ್ದರೂ ಲೆಕ್ಕಿಸದೆ, ಪೊರೆಯನ್ನು ಅಲ್ಲಲ್ಲಿ ಭೇದಿಸುತ್ತದೆ. ಆಗ ಕಂಬಿಯೇ ಒಂದು ವಿದ್ಯುತ್ಕೋಶ! ಒಂದೆಡೆ ಕಬ್ಬಿಣವು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗಿದರೆ, ಮತ್ತೊಂದೆಡೆ ಆಮ್ಲಜನಕವೂ ನೀರೂ ಅವನ್ನು ಸ್ವೀಕರಿಸುತ್ತವೆ. ಹುಟ್ಟಿದ ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ 2ರಿಂದ 6 ಮಡಿ ಸ್ಥಳ ಬೇಕು. ಎಳೆತ ತಾಳದ ಕಾಂಕ್ರೀಟು ಸೀಳದೆ ಗತ್ಯಂತರವಿಲ್ಲ.

ಅಪಾಯ ಗಾರೆ ಉದುರುವುದರಲ್ಲಿಯೇ ಮುಗಿಯುವುದಿಲ್ಲ. ಗೋವೆಯ ಪಣಜಿಯಲ್ಲಿ 1970ರಲ್ಲಿ ತೆರೆದ ಮಾಂಡವಿ ಸೇತುವೆ 1986ರಲ್ಲಿ ಕುಸಿಯಿತು. ಅದರ ಬಿಗಿದೆಳೆದ ಉಕ್ಕಿನ ತಂತಿಗಳು ತುಕ್ಕಿನಿಂದ ಸವೆದಿದ್ದವು.

ಬಿರುಕಿಗೆ ಸಿಮೆಂಟು ಮೆತ್ತಿ ಬಣ್ಣ ಬಳಿದರೆ ರೋಗ ಮರೆಯಾದೀತೇ ಹೊರತು ವಾಸಿಯಾಗದು. ಮೊದಲು ಹೊಸದಾಗಿ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಬೇಕು. ಗುಲಾಬಿ ಬಣ್ಣ ತಳೆದಲ್ಲಿ ಕ್ಷಾರ ಉಳಿದಿದೆ. ಬಣ್ಣ ತಳೆಯದಲ್ಲಿ ಕ್ಷೀಣಿಸಿದೆ. ಉಪ್ಪಿನಂಶಕ್ಕೆ ಬೇರೆಯೇ ಪರೀಕ್ಷೆ. ಆಮೇಲೆ ಕೆಟ್ಟ ಕಾಂಕ್ರೀಟನ್ನು ಕಂಬಿಯ ಹಿಂಬದಿಯವರೆಗೂ ಕೆತ್ತಿ ತೆಗೆದು, ತುಕ್ಕನ್ನು ಪೂರ್ಣವಾಗಿ ಉಜ್ಜಿ, ತೀರ ಸವೆದ ಕಂಬಿಗೆ ಹೊಸದನ್ನು ಜೋಡಿಸಿ, ದಟ್ಟವಾದ ಹೊಸ ಗಾರೆಯನ್ನು ತುಂಬಬೇಕು. ಅದರ ಕ್ಷಾರದಲ್ಲಿ ಪೊರೆ ಮತ್ತೆ ಮೂಡುತ್ತದೆ.

ಉಪ್ಪು ಹೊಕ್ಕಲ್ಲಿ ಇಷ್ಟೇ ಸಾಲದು. ದುರಸ್ತಿಯಾದ ಭಾಗವು ಎಲೆಕ್ಟ್ರಾನುಗಳನ್ನು ಸ್ವೀಕರಿಸುವ ತಾಣವಾಗಿ, ಪಕ್ಕದ ಭಾಗ ಮೊದಲಿಗಿಂತ ಬೇಗ ಕರಗಬಹುದು. ಅದಕ್ಕಾಗಿ ಕಂಬಿಗೆ ಸತುವಿನ ತುಂಡುಗಳನ್ನು ಕಟ್ಟುವುದುಂಟು. ಸತುವು ತಾನು ಕರಗಿ ಉಕ್ಕನ್ನು ಉಳಿಸುತ್ತದೆ.

ಚಿಕಿತ್ಸೆಗಿಂತ ಮುನ್ನೆಚ್ಚರಿಕೆ ಲೇಸು. ಕಡಲತೀರದ ವಾತಾವರಣಕ್ಕೆ ಒಡ್ಡಿದ ಕಂಬಿಯ ಮೇಲೆ 45 ಮಿಲಿಮೀಟರು ಕಾಂಕ್ರೀಟು ಇರಬೇಕೆಂದು ಭಾರತೀಯ ಮಾನಕ 456 ವಿಧಿಸುತ್ತದೆ. ಇಂಗಾಲದ ಡೈಆಕ್ಸೈಡ್ ಇಳಿಯುವ ಆಳವು ಸ್ಥೂಲವಾಗಿ ಕಾಲದ ವರ್ಗಮೂಲವನ್ನು ಅನುಸರಿಸುತ್ತದೆ: ಹೊದಿಕೆ ಅರ್ಧವಾದರೆ ರಕ್ಷಣೆಯ ಕಾಲ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ.