ಚಳಿಗಾಲದಲ್ಲಿ ಟ್ರೈಲರ್ ಬ್ಯಾಟರಿಯ ಆರೈಕೆ

ಬೇಸಿಗೆ ಬಂತೆಂದರೆ ಟ್ರೈಲರನ್ನು ಗಾಡಿಗೆ ಕಟ್ಟಿಕೊಂಡು ಬ್ಯಾನ್ಫ್ ಕಡೆಗೋ ಜಾಸ್ಪರ್ ಕಡೆಗೋ ಹೊರಡುವುದು ಕ್ಯಾಲ್ಗರಿಯ ನಮ್ಮಂಥ ಕೆಲವು ಮನೆಗಳಿಗೆ ರೂಢಿಯಾಗಿದೆ. ಅಕ್ಟೋಬರ್‌ನಲ್ಲಿ ಅದರ ನೀರಿನ ಪೈಪುಗಳನ್ನು ಖಾಲಿ ಮಾಡಿ, ಬೀಗ ಹಾಕಿ ಮರೆತುಬಿಡುತ್ತೇವೆ. ಮೊದಲ ವರ್ಷ ನಾವೂ ಹಾಗೆಯೇ ಮರೆತೆವು. ಏಪ್ರಿಲ್‌ನಲ್ಲಿ ತೆರೆದು ನೋಡಿದರೆ ಬ್ಯಾಟರಿಯ ಹೊಟ್ಟೆ ಉಬ್ಬಿ, ಒಂದು ಮೂಲೆ ಸೀಳಿತ್ತು! “ಅಪ್ಪಾ, ಒಳಗಿರೋದು ಆಸಿಡ್ ಅಲ್ವಾ? ಅದು ಹೇಗೆ ಹೆಪ್ಪುಗಟ್ಟುತ್ತೆ?” ಎಂದು ಮಗಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಟ್ರೈಲರ್‌ಗಳಲ್ಲಿ ಹೆಚ್ಚಾಗಿ ಇರುವುದು 12 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿ. ಊರಿನಲ್ಲಿ ಕರೆಂಟ್ ಹೋದಾಗ ಫ್ಯಾನು ತಿರುಗಿಸುವ ಇನ್ವರ್ಟರ್ ಬ್ಯಾಟರಿಯೂ ಸಾಮಾನ್ಯವಾಗಿ ಇದೇ ಜಾತಿಯದು. ಒಳಗೆ ಸೀಸದ ಫಲಕಗಳು, ಅವುಗಳ ನಡುವೆ ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್. ಮಕ್ಕಳೇ, ಇಲ್ಲಿ ಸ್ವಲ್ಪ ಗಮನವಿಡಿ. ಬ್ಯಾಟರಿಯನ್ನು ಬಳಸುತ್ತಾ ಹೋದಂತೆ ಆಸಿಡ್‌ನಲ್ಲಿರುವ ಸಲ್ಫೇಟ್ ಫಲಕಗಳಿಗೆ ಸೇರಿ ಲೆಡ್ ಸಲ್ಫೇಟ್ ಆಗುತ್ತದೆ. ಉಳಿದ ದ್ರಾವಣ ನೀರು ನೀರಾಗುತ್ತದೆ. ಚಾರ್ಜ್ ಮಾಡಿದಾಗ ಇದೇ ಕ್ರಿಯೆ ಹಿಂದುಮುಂದಾಗಿ ನಡೆದು ಆಸಿಡ್ ಮತ್ತೆ ಗಾಢವಾಗುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಮೈನಸ್ 50 ಡಿಗ್ರಿ ಸೆಲ್ಸಿಯಸ್‌ಗೂ ಹೆಪ್ಪುಗಟ್ಟದು. ಅರ್ಧ ಖಾಲಿಯಾದದ್ದು ಮೈನಸ್ 25ರ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಪೂರ್ತಿ ಬರಿದಾದದ್ದಕ್ಕೆ ಮೈನಸ್ 10 ಸಾಕು. ನಮ್ಮೂರಿನ ಜನವರಿ ರಾತ್ರಿಗಳಿಗೆ ಇದು ಯಾವ ಲೆಕ್ಕ!

ದೀಪಗಳನ್ನೆಲ್ಲ ಆರಿಸಿದ್ದೆವಲ್ಲ, ಖಾಲಿ ಮಾಡಿದ್ದು ಯಾರು? ಅಡುಗೆ ಗ್ಯಾಸ್ ಸೋರಿದರೆ ಕೂಗುವ ಪುಟ್ಟ ಯಂತ್ರ, ರೇಡಿಯೋದ ಗಡಿಯಾರ ಮುಂತಾದವು ಹಗಲು ರಾತ್ರಿ ಚೂರು ಚೂರೇ ಕರೆಂಟ್ ಹೀರುತ್ತಿರುತ್ತವೆ. ಕೆಲವು ವಾರಗಳಲ್ಲಿ ಬ್ಯಾಟರಿ ಬರಿದು. ಹಾಗಾಗಿ ಅದನ್ನು ಬಿಚ್ಚಿ ಮನೆಗೆ ತರುವುದೇ ಮೇಲು.

ಬಿಚ್ಚುವ ಮೊದಲು ತಂತಿಗಳ ಒಂದು ಫೋಟೋ ತೆಗೆದಿಡಿ. ಮೊದಲು ನೆಗೆಟಿವ್ ತಂತಿ, ಆಮೇಲೆ ಪಾಸಿಟಿವ್. ಮೊದಲೇ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಟ್ರೈಲರಿನ ಕಬ್ಬಿಣಕ್ಕೆ ತಗುಲಿದರೆ ಭಾರೀ ಕಿಡಿ ಹಾರುತ್ತದೆ. ಮತ್ತೆ ಜೋಡಿಸುವಾಗ ನೆಗೆಟಿವ್ ಕೊನೆಗೆ. ಕೈಗವಸು, ಕನ್ನಡಕ ಇರಲೇಬೇಕು. ಇದು ದೊಡ್ಡವರ ಕೆಲಸ. ಬ್ಯಾಟರಿ ಸುಮಾರು 20 ಕಿಲೋ ತೂಗುತ್ತದೆ, ಸೊಂಟದ ಬಗ್ಗೆಯೂ ಎಚ್ಚರವಿರಲಿ.

ಮುಚ್ಚಳವಿರುವ ಬ್ಯಾಟರಿಯಾದರೆ ಪೂರ್ತಿ ಚಾರ್ಜ್ ಮಾಡಿದ ಮೇಲೆ ಡಿಸ್ಟಿಲ್ಡ್ ವಾಟರ್ ಹಾಕಿ ಮಟ್ಟ ಸರಿ ಮಾಡಿ. ಫಲಕಗಳು ಆಗಲೇ ಹೊರಗೆ ಕಾಣುತ್ತಿದ್ದರೆ ಮಾತ್ರ, ಅವು ಮುಳುಗುವಷ್ಟನ್ನು ಚಾರ್ಜ್‌ಗೆ ಮೊದಲೇ ಹಾಕಬೇಕು. ನಲ್ಲಿ ನೀರು ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬರುವುದರಿಂದ ಬೆಂಕಿಯಿಲ್ಲದ, ಗಾಳಿಯಾಡುವ ಜಾಗವೇ ಬೇಕು.

ಬ್ಯಾಟರಿಯನ್ನು ಬೆಚ್ಚಗೆ ಇಡಬೇಕೆಂದು ನಾನು ತಿಳಿದಿದ್ದೆ. ವಾಸ್ತವವಾಗಿ ತಂಪಿನಲ್ಲಿ ಅದು ತಾನಾಗಿ ಚಾರ್ಜ್ ಕಳೆದುಕೊಳ್ಳುವುದು ಕಡಿಮೆ, ಹಾಗಾಗಿ ಗ್ಯಾರೇಜಿನ ಮೂಲೆ ಒಳ್ಳೆಯ ಜಾಗ. ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿದುಹೋಗುತ್ತದೆ ಎಂಬ ಮಾತು ಇಂದಿನ ಪ್ಲಾಸ್ಟಿಕ್ ಡಬ್ಬಿಯ ಬ್ಯಾಟರಿಗಳಿಗೆ ಅನ್ವಯಿಸುವುದಿಲ್ಲ. ತಿಂಗಳಿಗೊಮ್ಮೆ ಮಲ್ಟಿಮೀಟರ್ ಹಿಡಿದು ನೋಡಿ. 12.6 ವೋಲ್ಟ್ ಇದ್ದರೆ ಆರೋಗ್ಯ, 12.4ಕ್ಕೆ ಇಳಿದರೆ ಚಾರ್ಜ್‌ಗೆ ಹಾಕಿ. ಖಾಲಿಯಾಗಿಯೇ ಬಿಟ್ಟರೆ ಲೆಡ್ ಸಲ್ಫೇಟ್ ಗಟ್ಟಿ ಹರಳುಗಟ್ಟಿ ಬ್ಯಾಟರಿಯ ಶಕ್ತಿಯೇ ಕುಂದುತ್ತದೆ. ಹೆಪ್ಪುಗಟ್ಟಿದ ಬ್ಯಾಟರಿಗಂತೂ ಚಾರ್ಜರ್ ತಗುಲಿಸಲೇಬೇಡಿ, ಸಿಡಿಯಬಹುದು. ಉಬ್ಬಿದ್ದು, ಒಡೆದದ್ದು ನೇರವಾಗಿ ಮರುಬಳಕೆ ಕೇಂದ್ರಕ್ಕೆ.

ಈಚೆಗೆ ಬರುತ್ತಿರುವ ಲಿಥಿಯಂ ಬ್ಯಾಟರಿಗಳ ರೀತಿಯೇ ಬೇರೆ. ಬ್ಯಾಟರಿಯೇ ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಅವನ್ನು ಚಾರ್ಜ್ ಮಾಡಬಾರದು. ಅದರ ಕೈಪಿಡಿ ಹೇಳಿದಂತೆ ನಡೆಯಿರಿ.

ನಮ್ಮ ಮನೆಯಲ್ಲಿ ಈಗ ಮೀಟರ್ ಓದುವ ಕೆಲಸ ಮಗಳದು. ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಅವಳು ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ಕಳೆದ ಫೆಬ್ರವರಿಯ ಚೌಕದಲ್ಲಿ 12.4 ಎಂದು ಬರೆದು, ಪಕ್ಕದಲ್ಲೇ “ಅಪ್ಪಾ, ಚಾರ್ಜ್!” ಎಂದು ಕೆಂಪು ಶಾಯಿಯಲ್ಲಿ ಸೇರಿಸಿದ್ದಳು.