ಬಸವನಹುಳುವಿನ ಬಾಧೆ

ಮುಂಗಾರು ಮಳೆ ಎರಡು ದಿನ ಬಿಡದೆ ಸುರಿದು, ಮೂರನೆಯ ಬೆಳಗ್ಗೆ ಬಿಸಿಲು ಮೂಡಿದಾಗ ಮನೆಯಾಕೆ ಹಿತ್ತಿಲಿಗೆ ಬರುತ್ತಾಳೆ. ಹದಿನೈದು ದಿನಗಳ ಹಿಂದೆ ನೆಟ್ಟ ಚೆಂಡುಹೂವಿನ ಸಸಿಗಳಿದ್ದೆಡೆ ಬೋಳು ಕಡ್ಡಿಗಳು ನಿಂತಿವೆ. ಹುರುಳಿಕಾಯಿಯ ಎಳೆಯ ಎಲೆಗಳು ಜರಡಿಯಾಗಿವೆ. ಕುಂಡದ ಅಂಚಿನಿಂದ ಗೋಡೆಯವರೆಗೆ, ಬೆಳ್ಳಿಯ ಸರಿಗೆ ಎಳೆದಂತೆ, ಒಣಗಿದ ಲೋಳೆಯ ಗೆರೆಯೊಂದು ಹೊಳೆಯುತ್ತಿದೆ. ಈ ಕಳ್ಳ ಹಗಲಿನಲ್ಲಿ ಕಾಣಿಸಿಕೊಳ್ಳುವವನಲ್ಲ. ಆದರೆ ಹೆಜ್ಜೆಯ ಗುರುತನ್ನು ಅಳಿಸಿಹೋಗುವ ಜಾಣತನವೂ ಅವನಿಗಿಲ್ಲ.

ತಲೆಯ ಮೇಲೆ ಎರಡು ಕೋಡುಗಳನ್ನು ಚಾಚಿ, ಯಾರ ಗೊಡವೆಯೂ ಇಲ್ಲದಂತೆ ಮೆಲ್ಲಮೆಲ್ಲನೆ ಸಾಗುವ ಈ ಪ್ರಾಣಿ ಕನ್ನಡದಲ್ಲಿ ಬಸವನ ಹೆಸರನ್ನು ಪಡೆದಿದೆ. ಆದರೆ ಕೋಡುಗಳೆಂದು ತೋರುವವು ಕೋಡುಗಳಲ್ಲ. ಅವುಗಳ ತುದಿಯಲ್ಲಿ ಕಣ್ಣುಗಳಿವೆ. ಬಾಯೊಳಗೆ ಅರದಂತಹ ನಾಲಗೆ, ಅದರ ಮೇಲೆ ಸಾಲುಸಾಲಾಗಿ ಸಾವಿರಾರು ಸೂಕ್ಷ್ಮ ಹಲ್ಲುಗಳು. ಇವುಗಳಿಂದ ಎಲೆಯನ್ನು ಕೆರೆದು ತೇಯ್ದು ತಿನ್ನುತ್ತದೆ. ಚಿಪ್ಪು ಬೆಳೆಯಲು ಸುಣ್ಣ ಬೇಕಾದಾಗ ಮನೆಯ ಗೋಡೆಯನ್ನೂ ಕೆರೆಯುವುದುಂಟು. ಕುಂಡದ ಅಡಿಯಲ್ಲಿ ಕಪ್ಪು ತೊಗಲಿನ ತುಂಡಿನಂತೆ ಅಂಟಿಕೊಂಡಿರುವ ಚಿಪ್ಪಿಲ್ಲದ ಹುಳು ಇದರ ದಾಯಾದಿ. ಅದರ ಚಾಳಿಯೂ ಇದೇ.

ಹೊರನಾಡಿನ ಅತಿಥಿ

ಬೆಂಗಳೂರಿನ ಹಿತ್ತಿಲುಗಳಲ್ಲಿ ಹಾವಳಿ ಎಬ್ಬಿಸಿರುವ, ಮುಷ್ಟಿಯಷ್ಟು ಬೆಳೆಯಬಲ್ಲ, ಕಂದು ಪಟ್ಟೆಗಳ ಚೂಪು ಚಿಪ್ಪಿನ ಬಸವನಹುಳು ಈ ನೆಲದ್ದಲ್ಲ. ಅದರ ತವರು ಪೂರ್ವ ಆಫ್ರಿಕ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಚಿಪ್ಪುಜೀವಿಗಳ ಅಭ್ಯಾಸಿ ಮಾರಿಷಸ್ ದ್ವೀಪದಿಂದ ಇದನ್ನು ಜೀವಂತವಾಗಿ ಕಲ್ಕತ್ತೆಗೆ ತಂದನು. ಅಲ್ಲಿನ ಚೌರಂಗಿಯ ತೋಟವೊಂದನ್ನು ಸೇರಿದ ಹುಳು ಕಾಲಕ್ರಮದಲ್ಲಿ ದೇಶದ ನಾನಾ ಭಾಗಗಳನ್ನು ಆಕ್ರಮಿಸಿತು. ಕರ್ನಾಟಕದಲ್ಲಿ ಅಡಿಕೆ, ಹಿಪ್ಪುನೇರಳೆ ಬೆಳೆಗಳಿಗೂ ಇದರ ಕಾಟ ತಪ್ಪಿಲ್ಲ.

ಇದರ ಸಂತಾನವೃದ್ಧಿ ಬೆರಗು ಹುಟ್ಟಿಸುವಂಥದು. ಪ್ರತಿಯೊಂದು ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಚೆನ್ನಾಗಿ ಬೆಳೆದದ್ದು ಒಂದೇ ಸಲಕ್ಕೆ ನೂರಿನ್ನೂರು ಮೊಟ್ಟೆಗಳನ್ನಿಡಬಲ್ಲದು. ಅದೂ ವರ್ಷದಲ್ಲಿ ಹಲವು ಬಾರಿ. ಬೇಸಿಗೆ ಬಂದಾಗ ಮಣ್ಣಿನಲ್ಲೋ ಕಲ್ಲಿನ ಸಂದಿಯಲ್ಲೋ ಹುದುಗಿ, ಚಿಪ್ಪಿನ ಬಾಗಿಲಿಗೆ ಪೊರೆಯ ಮುಚ್ಚಳ ಹಾಕಿಕೊಂಡು ತಿಂಗಳುಗಟ್ಟಲೆ ನಿದ್ರಿಸುತ್ತದೆ. ಕಾಣದಿರುವುದು ಇಲ್ಲದಿರುವುದಕ್ಕೆ ಸಾಕ್ಷಿಯಲ್ಲ.

ಗೋಡೆಯಾಚೆಗಿನ ದಯೆ

ಇಷ್ಟು ನಿಧಾನವಾಗಿ ತೆವಳುವ ಪ್ರಾಣಿ ಇಷ್ಟು ದೂರ ಬಂದದ್ದು ಹೇಗೆ? ಮನುಷ್ಯನ ಕೈಯಿಂದ. ಸಸಿಯೊಡನೆ ಕೊಂಡ ಕುಂಡದ ಮಣ್ಣಿನಲ್ಲಿ, ಲಾರಿಯಲ್ಲಿ ಬಂದ ಗೊಬ್ಬರದಲ್ಲಿ ಅದರ ಮೊಟ್ಟೆಗಳು ಪ್ರಯಾಣ ಮಾಡುತ್ತವೆ. ಇದಕ್ಕಿಂತಲೂ ಸಾಮಾನ್ಯವಾದ ಇನ್ನೊಂದು ಮಾರ್ಗವುಂಟು. “ಪಾಪ, ಬಸವನ ಹೆಸರಿನ ಪ್ರಾಣಿ, ಕೊಲ್ಲಬೇಡಿ” ಎಂದು ಮನೆಯ ಹಿರಿಯರು ಹೇಳುತ್ತಾರೆ. ಹುಳುವನ್ನು ಎತ್ತಿ ಪಕ್ಕದ ಖಾಲಿ ನಿವೇಶನಕ್ಕೆ ಎಸೆಯಲಾಗುತ್ತದೆ. ಒಂದು ಜೀವ ಉಳಿಯಿತೆಂಬ ಸಮಾಧಾನ ಈ ಮನೆಯದಾದರೆ, ಬರಿದಾದ ಸೊಪ್ಪಿನ ಪಾತಿ ನೆರೆಮನೆಯದು. ಕೆಲವು ವಾರಗಳಲ್ಲಿ ಅದೇ ಹುಳುವಿನ ಮಕ್ಕಳು ಗೋಡೆ ಹತ್ತಿ ಹಿಂದಿರುಗುತ್ತವೆ.

ಅಮೆರಿಕದ ಮಿಯಾಮಿಯಲ್ಲಿ ಇಂಥದೇ ಪ್ರಸಂಗ ನಡೆಯಿತು. 1966ರಲ್ಲಿ ಹುಡುಗನೊಬ್ಬ ಹವಾಯಿಯಿಂದ ಮೂರು ಹುಳುಗಳನ್ನು ತಂದ. ಅವನ ಅಜ್ಜಿ ಅವನ್ನು ತೋಟಕ್ಕೆ ಬಿಟ್ಟರು. ಏಳು ವರ್ಷಗಳಲ್ಲಿ 18,000ಕ್ಕೂ ಹೆಚ್ಚು ಹುಳುಗಳು ಸಿಕ್ಕವು! ಅವನ್ನು ನಿರ್ಮೂಲ ಮಾಡಲು ಸುಮಾರು ಹತ್ತು ವರ್ಷಗಳ ಶ್ರಮವೂ ಹತ್ತು ಲಕ್ಷ ಡಾಲರುಗಳೂ ಬೇಕಾದವು.

ಅವಸರದ ಉಪಾಯಗಳು

ಅವಸರದ ಉಪಾಯ ಅಪಾಯವಾಗುವುದೂ ಉಂಟು. ಈ ಹುಳುವನ್ನು ತಿನ್ನಲೆಂದು 1955ರಲ್ಲಿ ಹವಾಯಿ ದ್ವೀಪಗಳಿಗೆ ಮತ್ತೊಂದು ಜಾತಿಯ ಬಸವನಹುಳುವನ್ನು ತಂದು ಬಿಟ್ಟರು. 1970ರ ದಶಕದಲ್ಲಿ ತಾಹಿತಿ ಮೊದಲಾದ ದ್ವೀಪಗಳಿಗೂ ಅದು ಹೋಯಿತು. ದೊಡ್ಡ ಹುಳುವಿನ ಕಾಟ ತೀರಲಿಲ್ಲ. ಆ ದ್ವೀಪಗಳದೇ ಆದ, ಯಾರಿಗೂ ಕೇಡು ಬಗೆಯದ ಪುಟ್ಟ ಬಸವನಹುಳುಗಳ ಹಲವು ಜಾತಿಗಳು ನಾಶವಾದವು.

ಅಂಗಡಿಯಲ್ಲಿ ದೊರೆಯುವ ಮೆಟಾಲ್ಡಿಹೈಡ್ ಗುಳಿಗೆಗಳು ಹುಳುವನ್ನು ಕೊಲ್ಲುತ್ತವೆ, ನಿಜ. ಆದರೆ ಮನೆಯ ನಾಯಿ ಅವನ್ನು ತಿಂದರೆ ಅದಕ್ಕೂ ಪ್ರಾಣಾಪಾಯ. ಮಕ್ಕಳಾಡುವ ಹಿತ್ತಿಲಿಗೆ ಅವು ತಕ್ಕವಲ್ಲ. ಕಬ್ಬಿಣದ ಫಾಸ್ಫೇಟಿನ ಗುಳಿಗೆಗಳು ಅಷ್ಟು ಅಪಾಯಕರವಲ್ಲ. ಪಾತಿಗೆ ಉಪ್ಪೆರಚಿದರೆ ಹುಳುವಿನೊಡನೆ ಮಣ್ಣೂ ಕೆಡುತ್ತದೆ. ಬೂದಿ, ಸುಣ್ಣದ ಪುಡಿಗಳ ಬೇಲಿ ಒಣಗಿರುವವರೆಗೆ ಮಾತ್ರ. ಒಂದು ಮಳೆಗೆ ಅದರ ಬಲ ಮುಗಿಯಿತು.

ಗೋಣಿಚೀಲ ಮತ್ತು ಬಕೆಟ್ಟು

ಎಲ್ಲಕ್ಕಿಂತ ಭರವಸೆಯ ದಾರಿ ಕೈಯಿಂದ ಆರಿಸುವುದೇ. ಸಂಜೆ ಪಾತಿಯ ಪಕ್ಕದಲ್ಲಿ ಒದ್ದೆ ಗೋಣಿಚೀಲ ಹಾಸಿ, ಅದರ ಕೆಳಗೆ ಪಪ್ಪಾಯಿ ಎಲೆಯನ್ನೋ ಎಲೆಕೋಸಿನ ಹೊರ ಎಲೆಗಳನ್ನೋ ಇಡಬೇಕು. ರಾತ್ರಿ ಮೇಯಲು ಬಂದವು ಬೆಳಗಿನ ವೇಳೆಗೆ ಅಲ್ಲಿಯೇ ಒತ್ತಾಗಿ ಸೇರಿರುತ್ತವೆ. ಮಳೆ ನಿಂತ ರಾತ್ರಿಗಳಲ್ಲಿ ಟಾರ್ಚು ಹಿಡಿದು ಒಂದು ಸುತ್ತು ಹಾಕಿದರೆ ಇನ್ನೂ ಒಳ್ಳೆಯದು. ಬರಿಗೈಯಿಂದ ಮಾತ್ರ ಮುಟ್ಟಕೂಡದು. ಇಲಿಗಳಿಂದ ಈ ಹುಳುವಿಗೆ ಬರುವ ಒಂದು ಸೂಕ್ಷ್ಮ ಜಂತು ಮನುಷ್ಯನ ಮಿದುಳಿನ ಪೊರೆಗೆ ಊತ ತರಬಲ್ಲದು. ಕೈಗವಸು ಅಥವಾ ಇಕ್ಕಳ ಬಳಸಿ, ಬಳಿಕ ಸೋಪಿನಿಂದ ಕೈ ತೊಳೆಯಬೇಕು. ಹಿತ್ತಿಲಿನ ಸೊಪ್ಪನ್ನು ಎಲೆ ಎಲೆಯಾಗಿ ತೊಳೆದು ಬೇಯಿಸಬೇಕು.

ಆರಿಸಿದವುಗಳ ಮೇಲೆ ಕುದಿಯುವ ನೀರು ಸುರಿದರೆ ಹೆಚ್ಚು ನರಳದೆ ಸಾಯುತ್ತವೆ. ಅನಂತರ ಆಳವಾದ ಗುಂಡಿಯಲ್ಲಿ ಹೂಳುವುದು ಉಚಿತ. ಕುಂಡದ ಅಡಿ, ಇಟ್ಟಿಗೆಯ ಸಂದು, ಸಡಿಲ ಮಣ್ಣುಗಳನ್ನು ಕೆದಕಿದರೆ ನೆನೆಸಿದ ಸಾಬಕ್ಕಿಯಂತಹ ಮೊಟ್ಟೆಗಳ ಗುಂಪು ಕಾಣುತ್ತದೆ. ಒಂದು ಗುಂಪನ್ನು ನಾಶಮಾಡಿದರೆ ನೂರು ಹುಳುಗಳನ್ನು ಆರಿಸಿದಂತೆ. ಗಿಡಗಳಿಗೆ ಸಂಜೆಯ ಬದಲು ಬೆಳಗ್ಗೆ ನೀರೆರೆದರೆ ರಾತ್ರಿಯ ಹೊತ್ತಿಗೆ ನೆಲ ಒಣಗಿ, ಹುಳುವಿನ ಸಂಚಾರ ತಗ್ಗುತ್ತದೆ. ಬಸವನಹುಳುವನ್ನು ತಿನ್ನುವ ಕೆಂಬೂತ ಹಿತ್ತಿಲಿಗೆ ಬಂದರೆ ಓಡಿಸದಿರುವುದೇ ಅದಕ್ಕೆ ಮಾಡುವ ಉಪಕಾರ.

ಈ ಕೆಲಸ ಒಂದು ಮನೆಯಿಂದ ಮುಗಿಯುವಂಥದಲ್ಲ. ಬೀದಿಯ ನಾಲ್ಕು ಮನೆಯವರು ಮಳೆಗಾಲದ ಮೊದಲ ವಾರಗಳಲ್ಲಿ ಒಟ್ಟಾಗಿ ಹೊರಟರೆ, ನಡುವಿನ ಖಾಲಿ ನಿವೇಶನವೂ ಶುದ್ಧವಾಗುತ್ತದೆ. ಬಕೆಟ್ಟು ಹಿಡಿಯಲು ಮಕ್ಕಳು ಸಂತೋಷದಿಂದಲೇ ಬಂದಾರು. ಮನುಷ್ಯನ ಕೈ ತಂದದ್ದನ್ನು ಮನುಷ್ಯನ ಕೈಯೇ ತೆಗೆಯಬೇಕು. ಗೋಡೆಯಾಚೆಗೆ ಎಸೆದಷ್ಟು ಕಾಲವೂ ಅದು ಈಚೆಗೆ ಬರುತ್ತಲೇ ಇರುತ್ತದೆ.